ಮಡಿ ಸೀರೆಯೊಳಗಿನ ಪಾಸ್‌ವರ್ಡ್

ಸುಮೇಧಾ,

ಹಾಲು ಕಾಯಿಸಿಟ್ಟಿದೆ. ಅಮ್ಮ ಮಠದಿಂದ ಏಳಕ್ಕೆ ಬರುತ್ತಾಳೆ. ಅಷ್ಟರೊಳಗೆ ಅತ್ತು ಮುಗಿಸಿ ಮುಖ ತೊಳೆದುಕೋ.

ನಿನ್ನ ಇಮೇಲಿನ ಬೀಗ ಸಾವಿರ ವರ್ಷ ಕುಳಿತರೂ ಒಡೆಯದು ಎಂದು ಕೊಚ್ಚಿಕೊಳ್ಳುತ್ತಿದ್ದೆಯಲ್ಲ? ನಿನ್ನಣ್ಣ ಸತ್ಯಾತ್ಮ ಅದನ್ನು ಕಾಫಿ ಆರುವಷ್ಟರಲ್ಲಿ ತೆರೆದ. ಪಾಸ್‌ವರ್ಡ್ ಬರೆದ ಚೀಟಿಯನ್ನು ಅಮ್ಮ ಹಬ್ಬಕ್ಕಷ್ಟೇ ಉಡುವ ಮಡಿ ಸೀರೆಯ ಪದರದಲ್ಲಿ ನೀನು ಇಟ್ಟಿದ್ದೆ. ಸ್ನಾನವನ್ನೇ ಮಾಡದ ಸೋಮಾರಿ ಅಣ್ಣ ಮಡಿಬಟ್ಟೆ ಮುಟ್ಟುವುದಿಲ್ಲ ಎಂದು ನಂಬಿದ್ದೆ. ಇವತ್ತು ಅವನು ಬೆಳಿಗ್ಗೆ ಐದಕ್ಕೇ ಮಿಂದ. ಆ ಸ್ನಾನಕ್ಕೆ ನಮ್ಮ ವೆಸ್ಟ್ ಮಾಂಬಲಂನ ಅಷ್ಟೂ ಬಾವಿಗಳು ಬತ್ತಿದವು. “ಏನೋ ಸತ್ಯಾ, ಮೈಗೆ ಹುಷಾರಿಲ್ವೇನೋ?” ಎಂದು ಅಮ್ಮನೇ ಹೆದರಿದಳು.

ಆಮೇಲೆ ಅವನು ನಿನ್ನ ಹೆಸರಿನಲ್ಲಿ ಪ್ರತಾಪನಿಗೆ ಬರೆದ: “ನಾಳೆ ರಿಜಿಸ್ಟ್ರಾರ್ ಆಫೀಸಿಗೆ ಬರೋಲ್ಲ. ಮನೆಯವರು ನೋಡಿದ ಹುಡುಗನೇ ಸಾಕು.” ಕೆಳಗೆ, ಆ ಪಾಸ್‌ವರ್ಡ್ ಇಲ್ಲದೆ ಯಾರೂ ಹಾಕಲಾರದ ನಿನ್ನ ಡಿಜಿಟಲ್ ಸಹಿಯನ್ನೂ ಹಾಕಿದ.

ಅವನನ್ನು ಹುಡುಕಿಕೊಂಡು ತಾಂಬರಂಗೆ ಓಡಬೇಡ. ನಿನ್ನ ಪ್ರತಾಪ ರೂಮು ಖಾಲಿ ಮಾಡಿ ಮಧ್ಯಾಹ್ನದ ರೈಲಿಗೇ ಊರಿಗೆ ಹೊರಟ. ಕಂಪ್ಯೂಟರ್ ಮುಂದೆಯೂ ಕೂರಬೇಡ, ಪಾಸ್‌ವರ್ಡ್ ಬದಲಾಯಿಸಿಯಾಯಿತು.

ಅವನ ಉತ್ತರ ಇಷ್ಟೇ:

“ಮೊದಲು ನಂಬ್ಲಿಲ್ಲ ಕಣೇ. ಯಾರೋ ಆಟ ಆಡ್ತಿದಾರೆ ಅಂತ ಮೂರು ಸಲ ಸಹಿ ಪರೀಕ್ಷೆ ಮಾಡಿದೆ. ನಿಂದೇ. ಚೆನ್ನಾಗಿರು.”

— ನಿನ್ನ ಸೋಮಾರಿ ಅಣ್ಣ