ಬಾಗಿಲಿಗೆ ಒರಗಿಸಿದ ಪೊರಕೆ

೧೧ ಫೆಬ್ರವರಿ ೧೯೩೪, ಭಾನುವಾರ

ಆ ಪೊರಕೆಯನ್ನು ಹೊರಗಿಟ್ಟವಳು ನಾನೇ.

ಬೆಳಿಗ್ಗೆ ಉರುಳಿಗೆ ಮೊಲ ಬಿದ್ದಿರಲಿಲ್ಲ. ಆ ಸಿಟ್ಟಿಗೆ ಅಪ್ಪ ಸೌದೆಯಿಂದ ಹೊಡೆದು ಅಮ್ಮನ ಬಲಗೈ ಮುರಿದ. ಇವತ್ತು ಹಿಲ್ಮಾ ಚಿಕ್ಕಮ್ಮ ಹಿಟ್ಟು ತರುವ ದಿನ.

"ಅವಳು ಇದನ್ನ ನೋಡಬಾರದು. ಒಲೆ ಆರಿಸು. ಬಾಗಿಲಿಗೆ ಪೊರಕೆ ಒರಗಿಸಿ ಹಿಂದಿನ ಕಿಟಕಿಯಿಂದ ಒಳಗೆ ಬಾ," ಎಂದ.

ಈ ಕಾಡಿನಲ್ಲಿ ಯಾರೂ ಬೀಗ ಹಾಕುವುದಿಲ್ಲ. ಪೊರಕೆ ಒರಗಿದ್ದರೆ ಮನೆಯಲ್ಲಿ ಯಾರೂ ಇಲ್ಲ, ಒಳಗೆ ಕಾಲಿಡುವಂತಿಲ್ಲ.

ಸ್ಕೀ ಹಲಗೆಗಳ ಸದ್ದು ಬಾಗಿಲವರೆಗೆ ಬಂತು.

"ಈ ಚಳೀಲಿ ಎಲ್ಲಿ ಸುತ್ತೋಕೆ ಹೋದ್ರಪ್ಪ ಇವ್ರು? ಹಿಟ್ಟು ಇಲ್ಲೇ ಬಾಗಿಲ ಹತ್ರ ಇಟ್ಟಿರ್ತೀನಿ, ಖಾಲಿ ಚೀಲಕ್ಕೆ ಬುಧವಾರ ಬರ್ತೀನಿ. ಅಷ್ಟರಲ್ಲಿ ಇಲಿಗಳೇ ರೊಟ್ಟಿ ಮಾಡ್ಕೊಂಡಿರ್ತವೆ," ಎಂದು ಚಿಕ್ಕಮ್ಮ ಗೊಣಗಿದಳು.

ಅಪ್ಪನ ಚಾಕು ಅಮ್ಮನ ಕತ್ತಿನ ಮೇಲಿತ್ತು. ಅಮ್ಮ ನನ್ನನ್ನೇ ನೋಡುತ್ತಿದ್ದಳು. ನಾನು ಕೂಗಲಿಲ್ಲ.

ಸದ್ದು ದೂರವಾದ ಮೇಲೆ ಅಪ್ಪ, "ಜಾಣೆ ಕಣೇ ನನ್ನ ಮಗಳು," ಎಂದು ನನ್ನ ತಲೆ ಸವರಿ, ಅಮ್ಮನನ್ನು ಮತ್ತೆ ಒದ್ದ.

ಈಗ ಗೊರಕೆ ಹೊಡೆಯುತ್ತಿದ್ದಾನೆ. ಅವನು ಸವರಿದ ಜಾಗವನ್ನು ಹಿಮದಲ್ಲಿ ಎಷ್ಟು ತಿಕ್ಕಿದರೂ ಅವನ ಕೈ ಅಲ್ಲೇ ಇದ್ದಂತಿದೆ. ಒಲೆ ಮತ್ತೆ ಹೊತ್ತಿಸಿ, ಪೊರಕೆಯನ್ನು ತಂದು ಅದಕ್ಕಿಟ್ಟೆ. ಕಡ್ಡಿಗಳು ಚಟಪಟ ಎಂದಾಗ ಹೆದರಿ ಹೊರಗೆಳೆಯಹೋದೆ. ಅಮ್ಮ ಎದ್ದು ಬಂದು ಎಡಗೈಯಿಂದ ಅದನ್ನು ಒಳಕ್ಕೆ ತಳ್ಳಿದಳು.

ಬುಧವಾರಕ್ಕೆ ಇನ್ನೂ ಮೂರು ರಾತ್ರಿ.