ಯಾವ ಪದರದಲ್ಲಿ?

ಸುರಪುರ
೨ ಮಾರ್ಚ್ ೨೦೨೫

ಪ್ರೀತಿಯ ಸಂಗಮನಾಥ ಅವರಿಗೆ ಗುರುದೇವಿಯ ಶರಣು.

ಸಂಕ್ರಾಂತಿಗೆ ಬರೆಯುತ್ತೇನೆಂದವಳು ಶಿವರಾತ್ರಿ ದಾಟಿಸಿದೆ, ಕ್ಷಮಿಸಿ. ಸಾವಿರಾರು ವರ್ಷಗಳ ಲೆಕ್ಕದಲ್ಲಿ ಮುಳುಗಿದವಳಿಗೆ ಒಂದೂವರೆ ತಿಂಗಳು ಕಣ್ಣಿಗೇ ಬೀಳುವುದಿಲ್ಲ. ಫೋನಿದೆಯಲ್ಲ ಎನ್ನುತ್ತೀರಿ. ಫೋನಿನಲ್ಲಿ ನಾವಿಬ್ಬರೂ "ಊಟ ಆತೇನ್ರಿ" ದಾಟಿ ಮುಂದೆ ಹೋಗುವುದೇ ಇಲ್ಲ. ನನಗೆ ನಿಮ್ಮನ್ನು ಒಂದು ಮಾತು ಕೇಳುವುದಿದೆ. ಧೈರ್ಯ ಬರುವವರೆಗೆ ಗುಡ್ಡದ ಸುದ್ದಿ ಓದಿ.

ನಾವು ಅಗೆಯುತ್ತಿರುವ ಬೂದಿಗುಡ್ಡದ ನೆತ್ತಿಯಲ್ಲಿ ನಾಯಕರ ಕಾಲದ ಬುರುಜು, ಅದರ ಕೆಳಗೆ ಸುಲ್ತಾನರ ತಾಮ್ರದ ನಾಣ್ಯ, ಅದಕ್ಕೂ ಕೆಳಗೆ ಹಳೆಯ ಗುಡಿಯ ಅಡಿಗಲ್ಲು. ಪೂಜಾರಿ ಮಹಾದೇವಪ್ಪನವರು ಅಲ್ಲಿಗೇ ನಿಲ್ಲಿಸಿ ಎಂದರು.

"ಇದರ ಕೆಳಗ ಏನೈತ್ರಿ ಮೇಡಂ? ಶಿವ ಕಾಮನ್ನ ಸುಟ್ಟ ಬೂದಿ, ಅಷ್ಟ."

"ಬೂದಿ ಕೆದರಿದ್ರ ಬುದ್ಧಿ ಬರ್ತದ್ರಿ ಅಜ್ಜಾರ."

"ನಿಮಗಿನ್ನೂ ಬಂದಿಲ್ಲೇನ್ರಿ ಹಂಗಾರ?"

ಮಾತಿನಲ್ಲಿ ಸೋತೆ, ಅಗೆತ ನಿಲ್ಲಿಸಲಿಲ್ಲ.

ಕೆಲಸಕ್ಕೆ ಬರುವ ಲಾಲಮ್ಮನಿಗೆ ಮೊದಲ ದಿನ, "ಪದರ ಬಿಡಬ್ಯಾಡ, ಪದರ ಹಿಡ್ಕೊಂಡ ಹೋಗು" ಎಂದಿದ್ದೆ. ನಾನು ಹೇಳಿದ್ದು ಮಣ್ಣಿನ ಪದರ. ತಿರುಗಿ ನೋಡಿದರೆ ನನ್ನ ಸೀರೆಯ ಪದರ ಹಿಡಿದು, ಸೆರಗು ಬಿಡದೆ, ಹಿಂದೆಯೇ ಬರುತ್ತಿದ್ದಾಳೆ! "ನೀವ ಅಂದ್ರೆಲ್ರಿ ಅಕ್ಕಾರ?" ಗುಂಡಿಗೆ ಗುಂಡಿಯೇ ನಕ್ಕಿತು.

ನಗು ನಿಂತದ್ದು ಬೂದಿಯ ಕೆಳಗೆ. ಅಲ್ಲಿ ಕಬ್ಬಿಣದ ಚೂರಿಲ್ಲ, ಕುಂಬಾರನ ತಿಗರಿಯ ಗುರುತಿಲ್ಲ. ಕೈಯಲ್ಲೇ ತಟ್ಟಿದ ಮಡಕೆ, ಉಜ್ಜಿ ನುಣುಪಾಗಿಸಿದ ಕಲ್ಲಿನ ಕೊಡಲಿ. ಬೂದಿಯೂ ಕಾಮನದಲ್ಲ, ದೊಡ್ಡಿಯ ಸಗಣಿ ಗುಡ್ಡೆಹಾಕಿ ಸುಟ್ಟದ್ದು. ಅದರಡಿಯ ಗಟ್ಟಿ ನೆಲದಲ್ಲಿ ದನಗಳ ಗೊರಸಿನ ಗುರುತು ಮೂಡಿವೆ, ನಿನ್ನೆ ಸಂಜೆ ಮೇದು ಬಂದಂತೆ. ನಾಲ್ಕು ಸಾವಿರ ವರ್ಷ ಹಳೆಯ ನಿನ್ನೆ! ಚಪ್ಪಲಿ ಬಿಟ್ಟು ನಿಂತೆ. ಮಹಾದೇವಪ್ಪನವರು ಬಗ್ಗಿ ನೋಡಿ, "ಗುಡಿಗಿಂತ ಮೊದಲ ಬಸವಣ್ಣ ಬಂದಾನಲ್ರಿ" ಎಂದರು.

ದೊಡ್ಡಿಯ ಪಕ್ಕದಲ್ಲೊಂದು ಮನೆ. ಅದರ ನೆಲದಡಿ, ಒಲೆಗೆ ಅಂಟಿಕೊಂಡೇ, ಒಂದು ಮಡಕೆ ಹೂತಿದ್ದರು. ಒಳಗೆ ಹಸುಗೂಸಿನ ಎಲುಬು, ನನ್ನ ಬೆರಳಿಗಿಂತ ಸಣ್ಣವು. ಬೆಚ್ಚಗಿರಲಿ ಎಂದು ಅಲ್ಲಿಟ್ಟರೇನೋ. ಆ ತಾಯಿ ದಿನವೂ ಅದರ ಪಕ್ಕದಲ್ಲಿ ಕೂತು ಬೇಯಿಸಿರಬೇಕು. ಲಾಲಮ್ಮ ಯಾರೂ ಹೇಳದೆಯೇ ತನ್ನ ಪದರ ಚಾಚಿ ಮಡಕೆಗೆ ಬಿಸಿಲು ತಾಗದಂತೆ ನಿಂತಳು.

ಅತ್ತೆಯವರಿಗೆ ಶರಣು ತಿಳಿಸಿ. ಕಡೇಚೂರಿನ ಕಾರ್ಖಾನೆಯಲ್ಲಿ ಪಾಳಿ ಮುಗಿಸಿ ಬರಿಹೊಟ್ಟೆಗೆ ಚಹಾ ಸುರಿದುಕೊಳ್ಳಬೇಡಿ. ಗುಡ್ಡದ ಬಸವಣ್ಣ ನಿಮ್ಮನ್ನು ಕಾಯಲಿ.

ನಿಮ್ಮ
ಗುರುದೇವಿ

ತಾ.ಕ.: ಕೇಳಬೇಕಾದದ್ದು ಇದು. ಹೋದ ವರ್ಷ ನಮ್ಮ ಕೂಸನ್ನು ನನ್ನ ಸೀರೆಯ ಪದರ ಹರಿದು ಸುತ್ತಿ ಮಣ್ಣಿಗೆ ಒಯ್ದಿರಿ. ಹೆತ್ತವಳಿಗೆ ಜಾಗ ತೋರಿಸಬಾರದು ಎಂದರು ಹಿರಿಯರು. ನೀವೂ ಸುಮ್ಮನಾದಿರಿ. ಯಾರದೋ ನಾಲ್ಕು ಸಾವಿರ ವರ್ಷದ ಕೂಸು ಎಲ್ಲಿದೆ ಎಂದು ನಾನು ಬೆರಳಿಟ್ಟು ತೋರಿಸಬಲ್ಲೆ. ನಮ್ಮದು ಯಾವ ಪದರದಲ್ಲಿದೆ? ಅಗೆಯುವುದಿಲ್ಲ, ನಿಮ್ಮಾಣೆ. ಪಕ್ಕದಲ್ಲಿ ಸ್ವಲ್ಪ ಹೊತ್ತು ಕೂರುತ್ತೇನೆ.