ಬಸವಲಿಂಗಪ್ಪನವರಿಗೆ ಹಾಕಿದ ಹಾರ

ಆರ್‌ಪಿಸಿ ಲೇಔಟ್, ವಿಜಯನಗರ
ಬೆಂಗಳೂರು
ಸೋಮವಾರ, 30 ಜೂನ್ 2025

ಮಗ ಗಿರಿರಾಜನಿಗೆ ಅಮ್ಮನ ತುಂಬು ಆಶೀರ್ವಾದ.

ಹೇಗಿದ್ದೀಯಪ್ಪಾ? ಬೀದರಿನ ಬಿಸಿಲು ಸ್ವಲ್ಪವಾದರೂ ಇಳಿಯಿತೇ? ಜಗದಾಂಬಾಳ ಕೆಮ್ಮು ವಾಸಿಯಾಯಿತೇ? ಮೆಣಸಿನ ಕಷಾಯ ನೀನೇ ಮಾಡಿಕೊಡು, ನಿನ್ನ ಹೆಂಡತಿ ತನಗಾಗಿ ಒಲೆ ಹಚ್ಚುವವಳಲ್ಲ. ಖಜಾನೆ ಕಚೇರಿಯಲ್ಲಿ ಕೂತು ಕೂತು ನಿನ್ನ ಸೊಂಟ ಏನಾಗಿದೆಯೋ. ನಾನೂ ವಚನಾಳೂ ಚೆನ್ನಾಗಿದ್ದೇವೆ, ಊಟ ತಿಂಡಿಗೆ ಏನೂ ಕಡಿಮೆಯಿಲ್ಲ.

ಶನಿವಾರ ಸಂಜೆ ನೀನು ಫೋನಿನಲ್ಲಿ "ಅಡ್ಮಿಷನ್ ಆಯ್ತೇನಮ್ಮಾ?" ಎಂದಾಗ, "ಎಲ್ಲಾ ವಿವರವಾಗಿ ಬರೀತೀನಿ ಕಣೋ" ಎಂದು ಹೇಳಿ ಫೋನ್ ಇಟ್ಟುಬಿಟ್ಟೆ. ನಿನ್ನೆ ನೀನು ನಾಲ್ಕು ಸಲ ಮಾಡಿದರೂ ಎತ್ತಲಿಲ್ಲ. ವಚನಾಳಿಗೆ ಮಾಡಿದ್ದಕ್ಕೆ ಅವಳು "ಅಜ್ಜೀನೇ ಕೇಳಪ್ಪ" ಎಂದಳಂತೆ. ನೀನು ಕುದಿಯುತ್ತಿರುತ್ತೀಯ ಎಂದು ಗೊತ್ತು. ಆದರೆ ಫೋನಿನಲ್ಲಿ ನೀನು ನನ್ನ ಒಂದು ಮಾತನ್ನಾದರೂ ಮುಗಿಸಲು ಬಿಡುತ್ತೀಯಾ? ಕಾಗದಕ್ಕೆ ಅಡ್ಡ ಮಾತಾಡಲು ಬರುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಿನ್ನ ಮಗಳು ಪಿಯುಸಿ ಮುಗಿಸಿ, ಕಾಲೇಜು ಬೇಡ, ಮನೆಯಲ್ಲೇ ಕೂತು ಕೇಳಿದವರಿಗೆ ಚಿತ್ರ ಬರೆದುಕೊಟ್ಟು ಬದುಕುತ್ತೇನೆ ಎಂದಾಗ ನೀನು ಅವಳ ಹತ್ತಿರ ಜಗಳವಾಡಲಿಲ್ಲ. "ನೀನು ಟೀಚರ್ ಆಗಿದ್ದೋಳು, ನಿನ್ನ ಮಾತಾದ್ರೆ ಕೇಳ್ತಾಳೆ, ಇಪ್ಪತ್ತೆಂಟನೇ ತಾರೀಕಿನೊಳಗೆ ಬಿಕಾಂಗೆ ಸೇರಿಸು" ಎಂದು ನನ್ನ ತಲೆಗೆ ಕಟ್ಟಿದೆ. ನಾನೂ ಮಾತು ಕೊಟ್ಟೆ. ಅವತ್ತಿನಿಂದ ನನ್ನದು ಅತ್ತ ದರಿ, ಇತ್ತ ಪುಲಿ.

ಅಡ್ಮಿಷನ್ ವಿಷಯಕ್ಕೆ ಬರುತ್ತೇನೆ, ಸ್ವಲ್ಪ ತಾಳು. ಅದಕ್ಕಿಂತ ಮೊದಲು ನಾನು ಮಾಡಿದ ಒಂದು ಘನಕಾರ್ಯವನ್ನು ನೀನು ಕೇಳಬೇಕು. ಈ ತಿಂಗಳ ಮೊದಲ ವಾರದಲ್ಲಿ ಶಿವಕಿರಣ್ ಎಂಬ ಹುಡುಗ, ನಮ್ಮವರೇ, ಶ್ರೀಗಂಧದ ಕಾವಲಿನವರು, ವಚನಾಳ ಫೋನಿಗೆ ಅವರಪ್ಪ ಬಸವಲಿಂಗಪ್ಪನವರ ಫೋಟೋ ಕಳಿಸಿ ಜಲವರ್ಣದಲ್ಲಿ ಚಿತ್ರ ಬೇಕು ಎಂದ. ಮೂರು ಬೆರಳ ವಿಭೂತಿ, ಅಂಗೈಯಲ್ಲಿ ಲಿಂಗ, ಮುಚ್ಚಿದ ಕಣ್ಣು. ಜೊತೆಗೆ ಎರಡೇ ಸಾಲು: "ಹತ್ತೊಂಬತ್ತನೇ ತಾರೀಕು ಗುರುವಾರ ಮನೇಲಿ ಕಾರ್ಯ ಇದೆ, ಸ್ವಾಮೀಜಿ ಬರ್ತಾರೆ. ಅಷ್ಟರಲ್ಲಿ ಬೇಕು." ನಾನು ಕನ್ನಡಕ ಏರಿಸಿ ನೋಡಿ ಲೊಚಗುಟ್ಟಿದೆ, ಪಾಪ, ಹೋಗುವ ವಯಸ್ಸೇ ಅಲ್ಲ ಎಂದು. ತೀರಿಕೊಂಡವರ ಶಿವಗಣಾರಾಧನೆಗೆ ಇಡುವ ಪಟ ಎಂದಮೇಲೆ ಹಾರವಿಲ್ಲದೆ ಹೇಗೆ? ಗಂಧದ ಹಾರ ಬರಿ, ಕೆಳಗೆ ದುಂಡಗಿನ ಅಕ್ಷರದಲ್ಲಿ "ಲಿಂಗೈಕ್ಯ ಬಸವಲಿಂಗಪ್ಪನವರು" ಎಂದು ಹಾಕು ಎಂದು ಹೇಳಿದವಳು ನಾನು. ಮಗು ಕೇಳಿತು ಕಣೋ, "ಅಜ್ಜಿ, ಒಂದ್ಸಲ ಅವ್ರನ್ನ ಕೇಳ್ಬಿಡ್ಲಾ?" ಎಂದು. "ಸಾವಿನ ಮನೇಲಿ ಅದನ್ನೆಲ್ಲಾ ಕೇಳ್ತಾರೇನೇ?" ಎಂದು ಗದರಿದೆ. ಮೂವತ್ತೆರಡು ವರ್ಷ ಮಕ್ಕಳ ತಪ್ಪು ತಿದ್ದಿದವಳಲ್ಲವೇ ನಾನು!

ಮಂಗಳವಾರ ಇಬ್ಬರೂ ಆಟೋದಲ್ಲಿ ಚಿತ್ರ ತೆಗೆದುಕೊಂಡು ಹೋದೆವು. ಬಾಗಿಲು ತೆಗೆದವರು ಬಸವಲಿಂಗಪ್ಪನವರೇ. "ಬನ್ನಿ ತಾಯಿ, ಒಳಗೆ ಬನ್ನಿ" ಎಂದರು. ಗುರುವಾರದ ಕಾರ್ಯ ಅವರ ಅರವತ್ತು ತುಂಬುವ ಶಾಂತಿಯಂತೆ. ಮನೆ ತಪ್ಪಿ ಬಂದೆವು ಎಂದು ಸುಳ್ಳು ಹೇಳಿ ವಚನಾಳ ಸೆರಗು ಎಳೆಯೋಣವೆಂದರೆ ಅವಳದು ಪ್ಯಾಂಟು. ಅಷ್ಟರಲ್ಲಿ ಅವರ ಸೊಸೆ ಬಂದು ಚಿತ್ರಕ್ಕೆ ಸುತ್ತಿದ್ದ ಕಾಗದ ಬಿಚ್ಚಿಯಾಗಿತ್ತು. ಬಸವಲಿಂಗಪ್ಪನವರ ಹೆಂಡತಿ ಚಿತ್ರ ನೋಡಿ ಎದೆಗೆ ಕೈಯಿಟ್ಟುಕೊಂಡು ಅತ್ತರು. ಶಿವಕಿರಣ್ ಕೂಗಾಡಿದ. "ಕಾಲೇಜಿಗೆ ಹೋಗಿ ಕಲ್ತಿರೋರ ಹತ್ರ ಮಾಡಿಸ್ಬೇಕಿತ್ತು, ಮನೇಲಿ ಕೂತು ಗೀಚೋರಿಗೆ ಕೊಟ್ಟಿದ್ದು ನನ್ನ ತಪ್ಪು" ಎಂದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವಳ ಹಾಗೆ ನಾನು ನಿಂತಿದ್ದೆ, ಬಾಯಿ ಮಾತ್ರ ಬಿಡಲಿಲ್ಲ. ನಿನ್ನ ಮಗಳು ನನ್ನ ಕಡೆ ತಿರುಗಿಯೂ ನೋಡದೆ "ತಪ್ಪು ನಂದು ಸಾರ್, ನಾನು ಕೇಳ್ಬೇಕಿತ್ತು" ಎಂದಳು. ಆಮೇಲೆ ಬಸವಲಿಂಗಪ್ಪನವರಿಗೆ, "ನಾಳೆ ನೀವು ಸ್ವಲ್ಪ ಹೊತ್ತು ಕೂತ್ಕೊಂಡ್ರೆ ಎದುರಿಗೇ ಬರೀತೀನಿ" ಎಂದಳು.

ಬುಧವಾರ ಕೂತರು. ಲಗ್ಗೆರೆಯಲ್ಲಿ ಲೇತ್ ಮಿಷಿನ್ ಇಟ್ಟುಕೊಂಡು ಮೇಲೆ ಬಂದ ಮನುಷ್ಯ, ಸುಮ್ಮನೆ ಕೂತು ಗೊತ್ತಿಲ್ಲ. ಬಲಗೈಯನ್ನು ಶಾಲಿನೊಳಗೆ ಸೇರಿಸಿಕೊಂಡಿದ್ದರು. ವಚನಾ "ಕೈ ಹೊರಗಿಡ್ತೀರಾ ಸಾರ್?" ಎಂದಳು. "ಎರಡು ಬೆರಳಿಲ್ಲ ಕಣಮ್ಮ, ಮಿಷಿನ್ ತಿಂತು" ಎಂದರು. "ಇರೋದನ್ನ ಬರೀತೀನಿ, ಇಡಿ" ಎಂದಳು. ಗಿರಿ, ಅವರು ಕೈ ತೆಗೆದು ತೊಡೆಯ ಮೇಲಿಟ್ಟರು. ಮೂರು ಗಂಟೆ ನಾನು ಅವಳ ಹಿಂದೆ ಕೂತು ನೋಡಿದೆ. ಮನೆಯಲ್ಲಿ ಲೋಟ ತೊಳೆಯಲು ಹತ್ತು ಸಲ ಕೂಗಬೇಕಾದ ಹುಡುಗಿ, ನೀರು ಕೂಡ ಕುಡಿಯಲಿಲ್ಲ. ಮುಗಿದ ಮೇಲೆ ಆ ಮನುಷ್ಯ ಚಿತ್ರವನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿ, "ನಾನು ಇಷ್ಟು ದಣಿದಿದ್ದೀನೇನೇ?" ಎಂದು ಹೆಂಡತಿಯನ್ನು ಕೇಳಿದರು. ಆ ತಾಯಿ ಹೌದು ಎಂದರು. ಗುರುವಾರ ಸ್ವಾಮಿಗಳ ಮುಂದೆ ಆ ಚಿತ್ರವನ್ನೇ ಇಟ್ಟರಂತೆ. ನನಗೆ ಹೆಮ್ಮೆಯಾಯಿತು, ಮುಚ್ಚಿಡುವುದೇಕೆ.

ಇಷ್ಟಕ್ಕೇ ಮುಗಿದಿದ್ದರೆ ನಿನಗೆ ಖುಷಿಯಿಂದ ಫೋನ್ ಮಾಡುತ್ತಿದ್ದೆ. ಆದರೆ ಅವರ ಮನೆಯ ಯಾರೋ ಹಾರ ಹಾಕಿದ ಮೊದಲ ಚಿತ್ರವನ್ನು ಮೊಬೈಲಿನಲ್ಲಿ ಹಿಡಿದು, ನಗುವ ಬೊಂಬೆಗಳನ್ನೂ ಸೇರಿಸಿ, ಸಮಾಜದ ವಾಟ್ಸಾಪ್ ಗುಂಪಿಗೆ ಹಾಕಿದ್ದಾರೆ. ಕೆಳಗೆ ವಚನಾಳ ಸಹಿ ಬೇರೆ ಇತ್ತಲ್ಲ. ಒಳ್ಳೆಯ ಚಿತ್ರವನ್ನು ಯಾರೂ ಎಲ್ಲಿಗೂ ಕಳಿಸಲಿಲ್ಲ. ಮಾತಾಗಿದ್ದ ಎರಡು ಕೆಲಸಗಳು ಬೇಡವಾದವು. ಇವತ್ತಿಗೆ ಹನ್ನೊಂದು ದಿನ, ಹೊಸದಾಗಿ ಒಬ್ಬರೂ ಕೇಳಿಲ್ಲ. ಹುಡುಗಿ ಫೋನನ್ನು ತಿರುಗಿಸಿ ತಿರುಗಿಸಿ ನೋಡುತ್ತಾಳೆ, ಉಗುರು ಕಡಿಯುತ್ತಾಳೆ, ಬ್ರಷ್ಷುಗಳನ್ನು ತೊಳೆದು ಒಣಗಿಸಿ ಮತ್ತೆ ತೊಳೆಯುತ್ತಾಳೆ. "ನಂಗೇನೂ ಗೊತ್ತಾಗಲ್ಲ ಅಜ್ಜಿ, ಅವ್ರು ಹೇಳಿದ್ದೇ ಸರಿ" ಎನ್ನುತ್ತಾಳೆ. ಹಾರ ಹಾಕಿಸಿದವಳು ನೀನು ಎಂದು ಒಂದು ದಿನವೂ ಅನ್ನಲಿಲ್ಲ. ಅಂದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ನನ್ನ ತಲೆಯಲ್ಲೂ ಹಗಲೂ ರಾತ್ರಿ ಇದೇ. ಡಿಗ್ರಿ ಇಲ್ಲದ ಹುಡುಗಿಗೆ ನಾಳೆ ಯಾರು ದಿಕ್ಕು? ನನಗೆ ಪಿಂಚಣಿಯಾದರೂ ಇದೆ, ಅವಳಿಗೆ ಏನಿದೆ? ಒಂದು ತಪ್ಪಿಗೇ ಬಾಗಿಲು ಮುಚ್ಚಿಕೊಳ್ಳುವ ಕಸುಬನ್ನು ನಂಬಿ ಬದುಕಲು ಆಗುತ್ತದೆಯೇ?

ಬೆಣ್ಣೆ ಕಾಸಿ ಇಟ್ಟಿದ್ದೇನೆ, ಬಂದಾಗ ತುಪ್ಪ ಒಯ್ಯುವೆಯಂತೆ. ಜಗದಾಂಬಾಳಿಗೆ ನನ್ನ ಆಶೀರ್ವಾದ ತಿಳಿಸು. ಬಸವಣ್ಣ ನಿಮ್ಮಿಬ್ಬರನ್ನೂ ಕಾಪಾಡಲಿ.

ಇಂತಿ ನಿನ್ನ ಅಮ್ಮ,
ಕಮಲಾಕ್ಷಮ್ಮ

ಮ.ವಿ.: ಅಡ್ಮಿಷನ್ ಆಗಿಲ್ಲ ಗಿರಿ. ಇವತ್ತು ಕಾಲೇಜಿಗೆ ಫೋನ್ ಮಾಡಿದೆ, ಸೀಟು ಬೇರೆಯವರಿಗೆ ಕೊಟ್ಟಾಯಿತಂತೆ. ಅವಳು ಹಟ ಮಾಡಿದಳು ಎಂದುಕೊಳ್ಳಬೇಡ. ಶನಿವಾರ ಬೆಳಿಗ್ಗೆ ಅವಳೇ ಎದ್ದು, ಸ್ನಾನ ಮಾಡಿ, ಮಾರ್ಕ್ಸ್ ಕಾರ್ಡು, ಟಿಸಿ ಎಲ್ಲ ಫೈಲಿಗೆ ಸೇರಿಸಿ, ಚಪ್ಪಲಿ ಮೆಟ್ಟಿ ನಿಂತಳು. "ನಡಿ ಅಜ್ಜಿ, ಅಪ್ಪಂಗೆ ಮಾತು ಕೊಟ್ಟಿದೀಯಲ್ಲ" ಎಂದಳು. ಅವಳ ಮುಖ ನೋಡಲಾಗಲಿಲ್ಲ. ತಲೆ ಸುತ್ತುತ್ತಿದೆ ಎಂದು ಹೇಳಿ ಮಲಗಿಬಿಟ್ಟೆ. ಅದೇ ಕೊನೆಯ ದಿನ, ಕಾಲೇಜಿನ ಕಚೇರಿ ಒಂದು ಗಂಟೆಗೆ ಮುಚ್ಚುತ್ತದೆ ಎಂದು ನನಗೆ ಗೊತ್ತಿತ್ತು. ಅವಳು ಎರಡರವರೆಗೂ ನನ್ನ ಹಣೆಗೆ ಒದ್ದೆ ಬಟ್ಟೆ ಹಾಕುತ್ತಾ ಪಕ್ಕದಲ್ಲೇ ಕೂತಿದ್ದಳು. ನನಗೆ ಏನೂ ಆಗಿರಲಿಲ್ಲ. ಅದು ಅವಳಿಗೆ ಇನ್ನೂ ಗೊತ್ತಿಲ್ಲ, ನಾಳೆ ಡಾಕ್ಟರ ಹತ್ತಿರ ಹೋಗೋಣ ಎನ್ನುತ್ತಿದ್ದಾಳೆ. ಬೇಗ ಬಾ. ನಿಜ ನಾನೇ ಹೇಳುತ್ತೇನೆ, ಆದರೆ ಒಬ್ಬಳೇ ಇದ್ದು ಹೇಳುವ ಧೈರ್ಯ ನನಗಿಲ್ಲ.